ಚಾಕೊಲೇಟಿನ ಸಂತೋಷ ಎಲ್ಲಿಂದ ಬರುತ್ತದೆ?

ಕುಂದಾಪುರದಿಂದ ಬೈಂದೂರಿನ ಕಡೆಗೆ ಹೊರಟು ಮರವಂತೆಯ ಕಡಲತೀರವನ್ನು ದಾಟಿದರೆ ನಾವುಂದ ಸಿಗುತ್ತದೆ. ಏಪ್ರಿಲ್, ಮೇ ತಿಂಗಳ ನಡುಹಗಲಿನಲ್ಲಿ ಈ ಊರಿನಲ್ಲಿ ಚಾಕೊಲೇಟು ಕೊಂಡು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡವನು ಮನೆ ಸೇರುವ ಹೊತ್ತಿಗೆ ಅದು ಹೊದಿಕೆಯೊಳಗೆ ಮೆತ್ತಗಿನ ಮುದ್ದೆಯಾಗಿರುತ್ತದೆ. ಹೀಗೆ ಕರಗಿಹೋಗುವುದು ಚಾಕೊಲೇಟಿನ ದೋಷವೆಂದು ನಾವು ಬಗೆಯುತ್ತೇವೆ. ಆದರೆ ಅದನ್ನು ತಿಂದಾಗ ಮನಸ್ಸಿಗಾಗುವ ಹಿತದ ಗುಟ್ಟು ಬಹುಮಟ್ಟಿಗೆ ಈ ದೋಷದಲ್ಲಿಯೇ ಅಡಗಿದೆ ಎಂದರೆ ವಾಚಕರಿಗೆ ಆಶ್ಚರ್ಯವಾಗಬಹುದು.

ಕಪ್ಪು ಚಾಕೊಲೇಟು ದುಗುಡವನ್ನು ಕಳೆಯುತ್ತದೆ, ಮನಸ್ಸನ್ನು ಅರಳಿಸುತ್ತದೆ, ಪ್ರೇಮವನ್ನು ಚಿಗುರಿಸುತ್ತದೆ ಎಂಬ ಮಾತುಗಳನ್ನು ಎಲ್ಲರೂ ಕೇಳಿರುತ್ತೇವೆ. ಪರೀಕ್ಷೆಯ ಹಿಂದಿನ ದಿನ ಒಂದು ತುಂಡು ತಿಂದರೆ ಧೈರ್ಯ ಬರುತ್ತದೆಂದು ನಂಬುವ ವಿದ್ಯಾರ್ಥಿಗಳೂ ಉಂಟು. ಈ ಮಾತುಗಳಲ್ಲಿ ವಿಜ್ಞಾನವೆಷ್ಟು, ವಾಡಿಕೆಯೆಷ್ಟು, ವ್ಯಾಪಾರವೆಷ್ಟು? ಒಂದೊಂದಾಗಿ ಪರಿಶೀಲಿಸೋಣ.

ಅಡಿಕೆ ತೋಟದ ಕಹಿ ಬೀಜ

ಚಾಕೊಲೇಟಿನ ಮೂಲವಸ್ತು ಕೊಕ್ಕೋ ಬೀಜ. ಈ ಮರದ ತವರು ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶ. ೧೭೫೩ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದರ ಕುಲಕ್ಕೆ 'ಥಿಯೋಬ್ರೋಮ' ಎಂದು ಹೆಸರಿಟ್ಟನು. 'ದೇವತೆಗಳ ಆಹಾರ' ಎಂಬುದು ಆ ಗ್ರೀಕ್ ಪದದ ಅರ್ಥ. ಹಲಸಿನಂತೆ ಕೊಕ್ಕೋ ಕಾಯಿಯೂ ನೇರವಾಗಿ ಕಾಂಡಕ್ಕೇ ಅಂಟಿಕೊಂಡು ಬೆಳೆಯುತ್ತದೆ. ನೆರಳನ್ನು ಸಹಿಸುವ ಮರವಾದುದರಿಂದ ಅಡಿಕೆ, ತೆಂಗಿನ ತೋಟಗಳ ನಡುವೆ ಇದಕ್ಕೆ ಸುಲಭವಾಗಿ ಜಾಗ ದೊರೆಯಿತು.

ಕರ್ನಾಟಕ ಮತ್ತು ಕೇರಳದ ತೋಟಗಳಲ್ಲಿ ೧೯೭೦ರ ದಶಕದಲ್ಲಿ ಹರಡಿದ ಈ ಬೆಳೆ, ೧೯೮೦ರ ಹೊತ್ತಿಗೆ ಬೆಲೆ ಕುಸಿದು, ಕೊಳ್ಳುವವರಿಲ್ಲದೆ ಬೆಳೆಗಾರರನ್ನು ಕಂಗೆಡಿಸಿತು. ಮಂಗಳೂರಿನಲ್ಲಿ ೧೯೭೩ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಹುಟ್ಟಿದ ಕ್ಯಾಂಪ್ಕೋ ಸಹಕಾರಿ ಸಂಸ್ಥೆಯು ಆಗ ಕೊಕ್ಕೋ ಖರೀದಿಗೂ ಮುಂದಾಯಿತು. ೧೯೮೬ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕೊಲೇಟು ಕಾರ್ಖಾನೆಯನ್ನು ತೆರೆಯಿತು. ಹೀಗೆ ನಮ್ಮ ಕರಾವಳಿಗೆ ಚಾಕೊಲೇಟು ಪರದೇಶದ ತಿನಿಸಾಗಿ ಮಾತ್ರ ಉಳಿಯಲಿಲ್ಲ, ತೋಟದ ಬೆಳೆಯೂ ಆಯಿತು.

ಹಸಿ ಬೀಜವನ್ನು ಅಗಿದು ನೋಡಿದವರಿಗೆ ಅದರಲ್ಲಿ ಚಾಕೊಲೇಟಿನ ಸುಳಿವೂ ಸಿಗುವುದಿಲ್ಲ. ಅದು ಕೇವಲ ಕಹಿ, ಒಗರು. ಸುತ್ತಲಿನ ಬಿಳಿಯ ತಿರುಳಿನೊಡನೆ ಬೀಜಗಳನ್ನು ಐದಾರು ದಿನ ಹುಳಿಯಲು ಬಿಟ್ಟು, ಒಣಗಿಸಿ, ಹುರಿದ ಮೇಲೆಯೇ ಆ ಪರಿಮಳ ಮೂಡುವುದು. ಹುರಿದ ಬೀಜವನ್ನು ಅರೆದು ಸಕ್ಕರೆ ಸೇರಿಸಿದರೆ ಚಾಕೊಲೇಟಾಗುತ್ತದೆ. ಬೀಜದ ಅಂಶ ಹೆಚ್ಚಾಗಿಯೂ ಸಕ್ಕರೆ ಕಡಮೆಯಾಗಿಯೂ ಇದ್ದರೆ ಅದು ಕಪ್ಪು ಚಾಕೊಲೇಟು.

ರಾಸಾಯನಿಕಗಳ ಲೆಕ್ಕ

ಕೊಕ್ಕೋ ಬೀಜದಲ್ಲಿ ನೂರಾರು ರಾಸಾಯನಿಕಗಳಿವೆ. ಮನಸ್ಸಿನ ಮೇಲೆ ಪ್ರಭಾವ ಬೀರುತ್ತವೆಂದು ಹೆಸರಾದವು ಮುಖ್ಯವಾಗಿ ಮೂರು ಬಗೆಯವು. ಇವುಗಳನ್ನು ಕುರಿತು 'ಇದೆಯೇ?' ಎಂದು ಕೇಳಿದರೆ ಸಾಲದು, 'ಎಷ್ಟಿದೆ?' ಎಂದೂ ಕೇಳಬೇಕು.

ಮೊದಲನೆಯದು ಫಿನೈಲ್‌ಈಥೈಲ್‌ಅಮೀನ್. ಮಿದುಳಿನಲ್ಲಿಯೂ ಅತ್ಯಲ್ಪ ಪ್ರಮಾಣದಲ್ಲಿ ಇರುವ ಈ ವಸ್ತುವನ್ನು 'ಪ್ರೇಮದ ರಾಸಾಯನಿಕ' ಎಂದು ಕರೆದವರುಂಟು. ಚಾಕೊಲೇಟಿನಲ್ಲಿ ಇದು ಇರುವುದು ನಿಜ. ಆದರೆ ನಾವು ತಿಂದಾಗ ಕರುಳು ಮತ್ತು ಯಕೃತ್ತಿನ ಕಿಣ್ವಗಳು ಇದನ್ನು ಬೇಗನೆ ಒಡೆದುಹಾಕುತ್ತವೆ. ಮಿದುಳನ್ನು ಮುಟ್ಟುವಷ್ಟು ಉಳಿಯುವುದಿಲ್ಲ. ಇದೇ ವಸ್ತು ಚೀಸಿನಲ್ಲಿಯೂ ಉಂಟು. ಆದರೂ ಚೀಸನ್ನು ಯಾರೂ ಪ್ರೇಮದ ಕಾಣಿಕೆಯಾಗಿ ಕೊಡುವುದಿಲ್ಲ!

ಎರಡನೆಯದು ಆನಂದಮೈಡ್. ಇದರ ಹೆಸರು ನಮಗೆ ಪರಿಚಿತವೆನಿಸಿದರೆ ಅದಕ್ಕೆ ಕಾರಣವಿದೆ. ೧೯೯೨ರಲ್ಲಿ ಇಸ್ರೇಲಿನ ವಿಜ್ಞಾನಿ ರಾಫೆಲ್ ಮೆಶೂಲಮರ ತಂಡವು ಮಿದುಳಿನಲ್ಲಿ ಇದನ್ನು ಕಂಡುಹಿಡಿದಾಗ ಸಂಸ್ಕೃತದ 'ಆನಂದ' ಶಬ್ದದಿಂದಲೇ ಹೆಸರನ್ನು ಕಟ್ಟಿತು. ೧೯೯೬ರಲ್ಲಿ ಚಾಕೊಲೇಟಿನಲ್ಲಿಯೂ ಇದು ಪತ್ತೆಯಾಯಿತು. ಆದರೆ ಪ್ರಮಾಣ ಅತ್ಯಲ್ಪ. ತಿಂದದ್ದರಲ್ಲಿ ಬಹುಭಾಗವೂ ಜೀರ್ಣಾಂಗಗಳಲ್ಲಿಯೇ ನಾಶವಾಗುತ್ತದೆ. ಹೆಸರಿನಲ್ಲಿರುವ ಆನಂದವು ಈ ದಾರಿಯಿಂದ ಮಿದುಳಿಗೆ ತಲುಪುವುದಿಲ್ಲ.

ಮೂರನೆಯ ಬಗೆಯವು ಕೆಫೀನ್ ಮತ್ತು ಅದರ ಬಂಧುವಾದ ಥಿಯೋಬ್ರೊಮಿನ್. ಇವುಗಳ ಮಾತು ಬೇರೆ. ೨೫ ಗ್ರಾಂ ಕಪ್ಪು ಚಾಕೊಲೇಟಿನಲ್ಲಿ ಸುಮಾರು ೨೦ ಮಿಲಿಗ್ರಾಂ ಕೆಫೀನ್, ೨೦೦ ಮಿಲಿಗ್ರಾಂ ಥಿಯೋಬ್ರೊಮಿನ್ ಇರುತ್ತವೆ. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು ೨೦೦೪ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸಾಮಾನ್ಯ ತುಂಡಿನಲ್ಲಿ ಇರುವಷ್ಟೇ ಪ್ರಮಾಣದ ಈ ಎರಡು ವಸ್ತುಗಳನ್ನು ಗುಳಿಗೆಯಲ್ಲಿ ಕೊಟ್ಟಾಗ ಜನರ ಚುರುಕುತನ ಸ್ವಲ್ಪ ಹೆಚ್ಚಿದುದು ಕಂಡುಬಂದಿತು. ಅಂದಮೇಲೆ ಚಾಕೊಲೇಟು ಎಚ್ಚರವನ್ನು ತುಸು ಹೆಚ್ಚಿಸುತ್ತದೆ ಎನ್ನುವುದು ಸುಳ್ಳಲ್ಲ. ಆದರೆ ಒಂದು ಲೋಟ ಕಾಫಿಯಲ್ಲಿ ಇದಕ್ಕಿಂತ ಮೂರು ನಾಲ್ಕು ಪಟ್ಟು ಕೆಫೀನ್ ಇರಬಹುದು. ಇದು ಚುರುಕೇ ಹೊರತು ಪ್ರೇಮವಲ್ಲ.

ಬಾಯಿಯೋ, ಹೊಟ್ಟೆಯೋ?

ಹಾಗಾದರೆ ಚಾಕೊಲೇಟಿಗಾಗಿ ಮನಸ್ಸು ಹಂಬಲಿಸುವುದೇಕೆ? ಇದನ್ನು ತಿಳಿಯಲು ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ವಿಲಾ ಮಿಚನರ್ ಮತ್ತು ಪಾಲ್ ರೋಜಿನ್ ಎಂಬವರು ಒಂದು ಸೊಗಸಾದ ಪ್ರಯೋಗವನ್ನು ಮಾಡಿ ೧೯೯೪ರಲ್ಲಿ ಪ್ರಕಟಿಸಿದರು. ಚಾಕೊಲೇಟಿನ ಚಪಲವುಳ್ಳವರಿಗೆ ಅವರು ಬೇರೆ ಬೇರೆ ಪೆಟ್ಟಿಗೆಗಳನ್ನು ಕೊಟ್ಟು, ಆಸೆ ಹುಟ್ಟಿದಾಗ ಒಂದನ್ನು ತೆರೆದು ಒಳಗಿರುವುದನ್ನು ತಿನ್ನಬೇಕೆಂದು ಹೇಳಿದರು. ಒಂದರಲ್ಲಿ ಹಾಲಿನ ಚಾಕೊಲೇಟು. ಇನ್ನೊಂದರಲ್ಲಿ ಬಿಳಿ ಚಾಕೊಲೇಟು, ಎಂದರೆ ಕೊಕ್ಕೋ ಬೆಣ್ಣೆ, ಸಕ್ಕರೆ, ಹಾಲು ಇದ್ದು ಕೊಕ್ಕೋ ಪುಡಿ ಇಲ್ಲದ ತಿನಿಸು. ಮತ್ತೊಂದರಲ್ಲಿ ಕೊಕ್ಕೋ ಪುಡಿ ತುಂಬಿದ ಗುಳಿಗೆಗಳು. ಬೇರೊಂದರಲ್ಲಿ ಹುರುಳಿಲ್ಲದ ಗುಳಿಗೆಗಳು.

ಹಂಬಲಕ್ಕೆ ಕೊಕ್ಕೋದ ರಾಸಾಯನಿಕಗಳೇ ಕಾರಣವಾಗಿದ್ದರೆ ಕೊಕ್ಕೋ ಗುಳಿಗೆಯಿಂದ ಅದು ತಣಿಯಬೇಕಾಗಿತ್ತು. ಹಾಗಾಗಲಿಲ್ಲ. ಕೊಕ್ಕೋ ಗುಳಿಗೆಯೂ ಹುರುಳಿಲ್ಲದ ಗುಳಿಗೆಯೂ ಒಂದೇ ಆದವು. ಬಿಳಿ ಚಾಕೊಲೇಟು ಅರ್ಧಂಬರ್ಧ ತೃಪ್ತಿ ಕೊಟ್ಟಿತು. ಅದರೊಡನೆ ಕೊಕ್ಕೋ ಗುಳಿಗೆಯನ್ನು ಸೇರಿಸಿ ಕೊಟ್ಟರೂ ತೃಪ್ತಿ ಹೆಚ್ಚಲಿಲ್ಲ. ನಿಜವಾದ ಚಾಕೊಲೇಟು ಮಾತ್ರ ಹಂಬಲವನ್ನು ಚೆನ್ನಾಗಿ ತಣಿಸಿತು. ಆದುದರಿಂದ ಚಾಕೊಲೇಟಿನ ಸುಖವು ಹೆಚ್ಚಾಗಿ ಹುಟ್ಟುವುದು ಬಾಯಿಯಲ್ಲಿ ಮತ್ತು ಮೂಗಿನಲ್ಲಿ ಎಂದಾಯಿತು.

ಇಲ್ಲಿಯೇ ನಾವುಂದದ ಕರಗಿದ ಚಾಕೊಲೇಟಿನ ಮಾತು ಉಪಯೋಗಕ್ಕೆ ಬರುವುದು. ಕೊಕ್ಕೋ ಬೀಜದ ತೂಕದಲ್ಲಿ ಸುಮಾರು ಅರ್ಧ ಭಾಗ ಕೊಬ್ಬು. ಚೆನ್ನಾಗಿ ತಯಾರಿಸಿದ ಚಾಕೊಲೇಟಿನಲ್ಲಿ ಈ ಕೊಬ್ಬು ಸುಮಾರು ೩೪ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗುತ್ತದೆ. ಕೊಬ್ಬರಿ ಎಣ್ಣೆ ೨೫ ಡಿಗ್ರಿಯ ಸುಮಾರಿಗೇ ಕರಗುವುದರಿಂದ ಕರಾವಳಿಯಲ್ಲಿ ವರ್ಷದ ಬಹುಕಾಲ ದ್ರವವಾಗಿಯೇ ಇರುತ್ತದೆ. ಕೊಕ್ಕೋ ಬೆಣ್ಣೆಯಾದರೋ ಕೈಯಲ್ಲಿ ಹಿಡಿದಾಗ ಗಟ್ಟಿ, ೩೭ ಡಿಗ್ರಿಯ ದೇಹದ ಬಿಸುಪು ತಗುಲಿದಾಗ ನೀರು. ನಾಲಗೆಯ ಮೇಲೆ ಅದು ಹರಡುತ್ತಿದ್ದಂತೆಯೇ ಒಳಗಿದ್ದ ಪರಿಮಳಗಳು ಬಿಡುಗಡೆಯಾಗಿ ಮೂಗನ್ನು ಸೇರುತ್ತವೆ. ಸಿಹಿಯೂ ಕಹಿಯೂ ಒಟ್ಟಿಗೆ ಅನುಭವಕ್ಕೆ ಬರುತ್ತವೆ. ಈ ಸುಖಕ್ಕೆ ಬಾಲ್ಯದ ನೆನಪು, ಹಬ್ಬದ ನೆನಪು, ಕೊಟ್ಟವರ ನೆನಪು ಬೆರೆತು ಮನಸ್ಸು ಅರಳುತ್ತದೆ. ಈ ಸಂತೋಷ ಸುಳ್ಳಲ್ಲ. ಆದರೆ ಅದು ಔಷಧದ ಗುಣವಲ್ಲ, ರುಚಿಯ ಗುಣ.

ಒಲವಿನ ಕಾಣಿಕೆ

ಪ್ರೇಮದ ವಿಷಯವನ್ನೂ ಹೀಗೆಯೇ ಪರೀಕ್ಷಿಸಿದ್ದಾರೆ. ಇಟಲಿಯಲ್ಲಿ ೧೬೩ ಮಹಿಳೆಯರನ್ನು ಪ್ರಶ್ನಿಸಿ ೨೦೦೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಾಕೊಲೇಟು ತಿನ್ನುವವರಲ್ಲಿ ಪ್ರಣಯಾಸಕ್ತಿ ಹೆಚ್ಚೆಂದು ಮೊದಲ ನೋಟಕ್ಕೆ ತೋರಿತು. ಆದರೆ ಚಾಕೊಲೇಟು ಹೆಚ್ಚಾಗಿ ತಿನ್ನುವವರು ಕಿರಿಯ ವಯಸ್ಸಿನವರಾಗಿದ್ದರು. ವಯಸ್ಸಿನ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡೊಡನೆ ಆ ಅಂತರ ಮಾಯವಾಯಿತು. ಚಾಕೊಲೇಟಿನ ಮಹಿಮೆಯೆಂದು ಕಂಡದ್ದು ಯೌವನದ ಮಹಿಮೆ!

ಚಾಕೊಲೇಟು ಪ್ರೇಮದ ಸಂಕೇತವಾದುದು ವಾಡಿಕೆಯಿಂದ ಮತ್ತು ವ್ಯಾಪಾರದಿಂದ. ಜಪಾನಿನಲ್ಲಿ ೧೯೫೦ರ ದಶಕದಿಂದ ಮಿಠಾಯಿ ಕಂಪನಿಗಳ ಪ್ರಚಾರದ ಫಲವಾಗಿ ಫೆಬ್ರವರಿ ೧೪ರಂದು ಹೆಂಗಸರು ಗಂಡಸರಿಗೆ ಚಾಕೊಲೇಟು ಕೊಡುವ ರೂಢಿ ಬೆಳೆಯಿತು. ನಮ್ಮ ಕಡೆಯಲ್ಲಿ ಮನೆಯಾಕೆಗೆಂದು ಪೇಟೆಯಿಂದ ಭಟ್ಕಳ ಮಲ್ಲಿಗೆಯನ್ನೋ ಶಂಕರಪುರದ ಮಲ್ಲಿಗೆಯನ್ನೋ ಒಯ್ಯುವವನು ಮಾಡುವುದೂ ಇದನ್ನೇ. ಮಲ್ಲಿಗೆಯ ರಾಸಾಯನಿಕಗಳು ಒಲವನ್ನು ಉತ್ಪತ್ತಿ ಮಾಡುತ್ತವೆಂದು ಯಾರೂ ವಾದಿಸುವುದಿಲ್ಲ. ನೆನೆದು ತಂದ ಮನಸ್ಸಿಗೇ ಅಲ್ಲಿ ಬೆಲೆ.

ಕಾರಣವೋ, ಪರಿಣಾಮವೋ?

ಇನ್ನು ಖಿನ್ನತೆಯ ಪ್ರಶ್ನೆ. ಇದು ಹೆಚ್ಚು ಗಂಭೀರವಾದುದು. ಅಮೆರಿಕದ ೧೩,೬೨೬ ವಯಸ್ಕರ ಮಾಹಿತಿಯನ್ನು ಲಂಡನ್ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಪರಿಶೀಲಿಸಿ ೨೦೧೯ರಲ್ಲಿ ವರದಿಮಾಡಿದರು. ಕಪ್ಪು ಚಾಕೊಲೇಟು ತಿಂದಿದ್ದವರಲ್ಲಿ ಖಿನ್ನತೆಯ ಲಕ್ಷಣಗಳ ಸಂಭವ ಶೇಕಡ ೭೦ರಷ್ಟು ಕಡಮೆಯಿತ್ತು. ಆದರೆ ಹಾಗೆ ತಿಂದಿದ್ದವರ ಸಂಖ್ಯೆ ಬಹಳ ಚಿಕ್ಕದು. ಇದಕ್ಕೆ ಎದುರಾಗಿ, ಕ್ಯಾಲಿಫೋರ್ನಿಯದ ಸಂಶೋಧಕರು ೨೦೧೦ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖಿನ್ನತೆಯ ಲಕ್ಷಣವುಳ್ಳವರು ತಿಂಗಳಿಗೆ ೮.೪ ಪಾಲು, ಉಳಿದವರು ೫.೪ ಪಾಲು ಚಾಕೊಲೇಟು ತಿನ್ನುತ್ತಿದ್ದುದು ಕಂಡಿತು. ಅಲ್ಲಿ ಕಪ್ಪು, ಬಿಳಿ ಎಂದು ಬಗೆಯನ್ನು ವಿಂಗಡಿಸಿರಲಿಲ್ಲ.

ಒಂದರ ಪ್ರಕಾರ ಚಾಕೊಲೇಟು ತಿಂದವರಲ್ಲಿ ದುಃಖ ಕಡಮೆ. ಇನ್ನೊಂದರ ಪ್ರಕಾರ ದುಃಖವುಳ್ಳವರೇ ಹೆಚ್ಚು ತಿನ್ನುತ್ತಾರೆ. ಇವೆರಡೂ ಜೊತೆಜೊತೆಯಾಗಿ ಕಂಡುಬಂದ ಸಂಗತಿಗಳೇ ಹೊರತು ಯಾವುದರಿಂದ ಯಾವುದಾಯಿತೆಂದು ಹೇಳುವುದಿಲ್ಲ. ಖಿನ್ನತೆಯಲ್ಲಿ ತಿನ್ನುವ ಆಸೆಯೇ ಬತ್ತಿಹೋಗುವುದುಂಟು. ಬೇಸರ ಮರೆಯಲು ಸಿಹಿಗೆ ಕೈಚಾಚುವುದೂ ಉಂಟು. ಎರಡು ಸಂಗತಿಗಳು ಒಟ್ಟಿಗೆ ಕಂಡೊಡನೆ ಒಂದನ್ನು ಕಾರಣವೆಂದೂ ಇನ್ನೊಂದನ್ನು ಪರಿಣಾಮವೆಂದೂ ಬಗೆಯಬಾರದೆಂಬ ಪಾಠ ವಿಜ್ಞಾನದ ವಿದ್ಯಾರ್ಥಿಗಳಿಗೆ ಬಲು ಮುಖ್ಯವಾದುದು.

ಈ ಪಾಠಕ್ಕೆ ಬದುಕಿನಲ್ಲಿಯೂ ಬೆಲೆಯಿದೆ. ಎರಡು ವಾರಗಳಿಗೂ ಮೀರಿ ಮನಸ್ಸು ಕುಗ್ಗಿಯೇ ಇದ್ದರೆ, ನಿದ್ರೆ ಕೆಟ್ಟರೆ, ಓದಿನಲ್ಲಿಯೂ ಆಟದಲ್ಲಿಯೂ ಆಸಕ್ತಿ ಹೋದರೆ, ಚಾಕೊಲೇಟಿನಲ್ಲಿ ಅದಕ್ಕೆ ಮದ್ದಿಲ್ಲ. ಅದು ವೈದ್ಯರ ನೆರವು ಬೇಕಾದ ಸ್ಥಿತಿ. ನೆರವಿನಿಂದ ಗುಣವಾಗುವ ಸ್ಥಿತಿ. ಮನೆಯವರೊಡನೆಯೋ ನಂಬಿಕೆಯ ಉಪಾಧ್ಯಾಯರೊಡನೆಯೋ ಹೇಳಿಕೊಳ್ಳಬೇಕು. ಭಾರತ ಸರ್ಕಾರವು ೨೦೨೨ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ ೧೪೪೧೬ ಸಂಖ್ಯೆಯ ಮೂಲಕ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು.

ಆರೋಗ್ಯವಂತನು ಊಟದ ಬಳಿಕ ಒಂದು ಸಣ್ಣ ತುಂಡು ಕಪ್ಪು ಚಾಕೊಲೇಟನ್ನು ಸವಿಯುವುದಕ್ಕೆ ಅಡ್ಡಿಯಿಲ್ಲ. ೨೫ ಗ್ರಾಮಿನಲ್ಲಿ ಸುಮಾರು ೧೫೦ ಕ್ಯಾಲೊರಿ ಇರುವುದನ್ನು ಮರೆಯದಿದ್ದರಾಯಿತು. ಮನೆಯ ನಾಯಿಗೆ ಮಾತ್ರ ಅದನ್ನು ಹಾಕಕೂಡದು; ಥಿಯೋಬ್ರೊಮಿನ್ ನಾಯಿಗಳಿಗೆ ವಿಷ. ಇಷ್ಟು ತಿಳಿದು ತಿಂದರೆ ರುಚಿಯೇನೂ ಕಡಮೆಯಾಗುವುದಿಲ್ಲ. ನಾಲಗೆಯ ಮೇಲೆ ಅದು ಕರಗುವಾಗ ತುಸು ನಿಧಾನಿಸಿ ಗಮನಿಸಿದರೆ, ಸುಖ ಎಲ್ಲಿ ಹುಟ್ಟುತ್ತದೆಂಬುದು ಪ್ರತಿಯೊಬ್ಬನಿಗೂ ತಾನಾಗಿಯೇ ಗೊತ್ತಾಗುತ್ತದೆ.