ಬೆಂಗಳೂರಿಗೂ ಸ್ಯಾನ್‌ಫ್ರಾನ್ಸಿಸ್ಕೋ ನಗರಕ್ಕೂ ಎಷ್ಟು ದೂರ?

ಶಿವಾರಪಟ್ಟಣದ ವೃದ್ಧ ಮಾತೆಯೊಬ್ಬರು ಒಮ್ಮೆ ನನ್ನನ್ನು ಹೀಗೆ ಕೇಳಿದರು: “ನಾನು ಹಾಸಿಗೆ ಹಿಡಿದೆನೆಂದು ಸುದ್ದಿ ಹೋದರೆ, ಮಗಳು ಎಷ್ಟು ಹೊತ್ತಿಗೆ ಬಂದಾಳು?” ಮಗಳು ನಮ್ಮ ಶಾಲೆಯಲ್ಲಿ ಓದಿದವಳು, ಈಗ ಅಮೆರಿಕೆಯ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿರುವಳು. ಇದೇ ಚಿಂತೆಯುಳ್ಳ ತಂದೆತಾಯಿಗಳು ಅನೇಕರಿರುವುದರಿಂದ, ಅವರಿಗೆ ಕೊಟ್ಟ ಉತ್ತರವನ್ನು ಇಲ್ಲಿ ತುಸು ವಿಸ್ತರಿಸಿ ಬರೆದಿದ್ದೇನೆ.

ಗೋಡೆಯ ಮೇಲಿನ ಭೂಪಟದಲ್ಲಿ ಇಂತಹ ದೂರವನ್ನು ಅಳೆಯಲಾಗದು. ಕಲ್ಲುಕೆತ್ತನೆಗೆ ಹೆಸರಾದ ಆ ಊರಿನಲ್ಲಿ ಗುಂಡುಕಲ್ಲಿಗೆ ಬರವಿಲ್ಲವಷ್ಟೆ. ಒಂದು ಗುಂಡಿನ ಮೇಲೆ ಎರಡು ನಗರಗಳನ್ನೂ ಗುರುತಿಸಿ, ನಡುವೆ ನೂಲನ್ನು ಬಿಗಿಯಾಗಿ ಎಳೆದು ಹಿಡಿದರೆ, ಅದೇ ಅತಿ ಹತ್ತಿರದ ಹಾದಿ. ಈ ಎರಡು ನಗರಗಳು ಭೂಗೋಳದ ಮೇಲೆ ಬಹುಮಟ್ಟಿಗೆ ಎದುರುಬದುರಾಗಿರುವುದರಿಂದ ನೂಲು ಉತ್ತರಕ್ಕೆ ಏರಿ, ಟಿಬೆಟ್ಟು, ಸೈಬೀರಿಯ, ಅಲಾಸ್ಕಗಳ ಮೇಲೆ ಹಾಯುತ್ತದೆ. ಅದರ ಉದ್ದ ಸುಮಾರು 14,000 ಕಿಲೋಮೀಟರು. ಗಂಟೆಗೆ 900 ಕಿಲೋಮೀಟರಿನಂತೆ ಹಾರಿದರೆ ಹದಿನೈದೂವರೆ ಗಂಟೆ ಸಾಕೆಂದು ಲೆಕ್ಕ ಹೇಳುತ್ತದೆ.

ಆದರೆ ವಿಮಾನವು ನೂಲಿನ ಜಾಡನ್ನೇ ಹಿಡಿಯಬೇಕೆಂದಿಲ್ಲ. ಬಹು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದ ಗಾಳಿ ಬೀಸುತ್ತದೆ. ಪೆಸಿಫಿಕ್ ಸಾಗರದ ಮೇಲೆ ಇತ್ತ ಬರುವ ವಿಮಾನಕ್ಕೆ ಅದು ಎದುರುಗಾಳಿ. ಟಿಬೆಟ್ಟಿನ ಪ್ರಸ್ಥಭೂಮಿಯಾದರೋ ಬಹಳ ಎತ್ತರವಾದುದು. ಒಳಗಣ ವಾಯುವಿನ ಒತ್ತಡ ತಪ್ಪಿದರೆ ವಿಮಾನವನ್ನು ತಟ್ಟನೆ ಕೆಳಗಿಳಿಸಲು ಅಲ್ಲಿ ತೆರಪು ಸಾಲದು.

2021ನೆಯ ಜನವರಿ 9ರಂದು ಏರ್ ಇಂಡಿಯಾ ವಿಮಾನವೊಂದು ಸ್ಯಾನ್‌ಫ್ರಾನ್ಸಿಸ್ಕೋದಿಂದ ಹೊರಟು, ಉತ್ತರಧ್ರುವದ ಮೇಲೆ ಹಾರಿ, ನಡುವೆ ಎಲ್ಲಿಯೂ ಇಳಿಯದೆ ಬೆಂಗಳೂರಿಗೆ ಬಂದಿತು. ಹಾದಿ ಸುಮಾರು 16,000 ಕಿಲೋಮೀಟರು. ಅದನ್ನು ನಡೆಸಿದವರು ಝೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನವಾರೆ, ಶಿವಾನಿ ಮನ್ಹಾಸ್ ಎಂಬ ನಾಲ್ವರು ಸ್ತ್ರೀಯರು. ಹೆಣ್ಣುಮಕ್ಕಳ ಶಾಲೆಯ ಈ ಸಂಚಿಕೆಯಲ್ಲಿ ಅವರ ಹೆಸರನ್ನು ಬರೆಯದೆ ಬಿಡಲು ಮನಸ್ಸು ಒಪ್ಪದು. ಧ್ರುವದ ಸಮೀಪದಲ್ಲಿ ದಿಕ್ಸೂಚಿಯ ಮುಳ್ಳನ್ನು ನಂಬುವಂತಿಲ್ಲ. ರೆಕ್ಕೆಯೊಳಗಿನ ಇಂಧನವೂ ಚಳಿಗೆ ಹೆಪ್ಪುಗಟ್ಟದಂತೆ ಕಾಯಬೇಕು.

ಅಲ್ಲಿ ಶನಿವಾರ ರಾತ್ರಿ ಎಂಟೂವರೆಯ ಹೊತ್ತಿಗೆ ಹೊರಟವರು ಇಲ್ಲಿ ಸೋಮವಾರ ಬೆಳಗಿನ ಜಾವ ಮೂರರ ಸುಮಾರಿಗೆ ಇಳಿದರು. ಗಡಿಯಾರ ನೋಡಿದರೆ ಮೂವತ್ತೂವರೆ ಗಂಟೆ! ಆದರೆ ಚಳಿಗಾಲದಲ್ಲಿ ನಮ್ಮ ಗಡಿಯಾರ ಅವರದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಅದನ್ನು ಕಳೆದರೆ ಹಾರಿದ ಕಾಲ ಹದಿನೇಳು ಗಂಟೆ.

ಆ ತಾಯಿಗೆ ನಾನು ಹೇಳಿದುದಿಷ್ಟು: “ಚಳಿಗಾಲದಲ್ಲಿ ಇಲ್ಲಿ ಬೆಳಗ್ಗೆ ಏಳಕ್ಕೆ ಸುದ್ದಿ ಹೋದರೆ, ಅಲ್ಲಿ ಹಿಂದಿನ ದಿನದ ಸಂಜೆ ಐದೂವರೆ. ಅಂದು ರಾತ್ರಿಯೇ ಅಂತಹ ನೇರ ವಿಮಾನ ದೊರೆತರೆ, ಮಾರನೆಯ ಬೆಳಗಿನ ಜಾವಕ್ಕೆ ಮಗಳು ದೇವನಹಳ್ಳಿಯಲ್ಲಿ ಇಳಿದಾಳು. ನಡುವೆ ಇನ್ನೊಂದೆಡೆ ಇಳಿದು ವಿಮಾನ ಬದಲಿಸಬೇಕಾದರೆ ಇನ್ನೂ ಹಲವು ಗಂಟೆ ಸೇರಿಸಿಕೊಳ್ಳಿರಿ.”

ಅವರು ಬೆರಳೆಣಿಸಿ ನೋಡಿ, “ಮಾರನೆಯ ದಿನವೇ! ನನ್ನ ತೌರಿನವರು ಮುಳಬಾಗಿಲಿನಿಂದ ಎತ್ತಿನ ಗಾಡಿಯಲ್ಲಿ ಬರುತ್ತಿದ್ದುದೂ ಮಾರನೆಯ ದಿನವೇ” ಎಂದರು.