ಕಾಂಪ್ಯಾಕ್ಟ್ ಕ್ಯಾಮೆರಾದಲ್ಲಿ ಕಡಲತೀರದ ಬಂಡೆಗಳ ಛಾಯಾಗ್ರಹಣ

ಕಾಂಪ್ಯಾಕ್ಟ್ ಕ್ಯಾಮೆರಾದಲ್ಲಿ ಕಡಲತೀರದ ಬಂಡೆಗಳ ಛಾಯಾಗ್ರಹಣವು ಭೂದೃಶ್ಯ ಛಾಯಾಗ್ರಹಣದ ಒಂದು ಪ್ರಕಾರ. ಮಸೂರವನ್ನು ಬದಲಾಯಿಸಲಾಗದ, ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕದಾದ ಕ್ಯಾಮೆರಾವನ್ನು ಬಳಸಿ, ಸಮುದ್ರಕ್ಕೆ ಎದುರಾಗಿ ನಿಂತ ಕಡಿದಾದ ಬಂಡೆಗೋಡೆಗಳು, ಕಲ್ಲಿನ ಕಮಾನುಗಳು, ಒಂಟಿ ಸ್ತಂಭಗಳು ಹಾಗೂ ಅವುಗಳ ಸುತ್ತಲಿನ ದಡವನ್ನು ಚಿತ್ರಿಸುವುದು ಇದರ ವಿಷಯ. ಹೊಳೆಯುವ ಆಕಾಶ, ಬಿಳಿಯ ನೊರೆ ಮತ್ತು ನೆರಳಿನಲ್ಲಿರುವ ಕಪ್ಪು ಕಲ್ಲು ಒಂದೇ ಚೌಕಟ್ಟಿನೊಳಗೆ ಬರುವುದರಿಂದ ಚಿಕ್ಕ ಕ್ಯಾಮೆರಾಕ್ಕೆ ಇದು ಕಠಿಣವಾದ ಕೆಲಸ. ಆದರೂ ಬೆಳಕಿನ ಹೊತ್ತು, ನಿಲ್ಲುವ ಜಾಗ ಮತ್ತು ಉಬ್ಬರವಿಳಿತಗಳನ್ನು ಅರಿತವರು ಈ ಮಿತಿಯನ್ನು ಬಹುಮಟ್ಟಿಗೆ ಮೀರಬಲ್ಲರು. ಬಂಡೆಗೋಡೆಗಳು ಸದಾ ಸವೆಯುತ್ತಿರುವುದರಿಂದ ಸಾಮಾನ್ಯ ಪ್ರವಾಸಿಗರ ಚಿತ್ರಗಳಿಗೂ ದಾಖಲೆಯ ಮೌಲ್ಯವಿದೆ.

ಹಿನ್ನೆಲೆ

ಕಡಲನ್ನು ಚಿತ್ರಿಸುವಲ್ಲಿ ಎದುರಾಗುವ ಮುಖ್ಯ ತೊಡಕು ಛಾಯಾಗ್ರಹಣದಷ್ಟೇ ಹಳೆಯದು. ಹತ್ತೊಂಬತ್ತನೆಯ ಶತಮಾನದ ಕೊಲೋಡಿಯನ್ ಫಲಕಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದವು. ಆದ್ದರಿಂದ ನೆಲ ಅಥವಾ ನೀರು ಸರಿಯಾಗಿ ಮೂಡುವಷ್ಟು ಹೊತ್ತು ಬೆಳಕು ಕೊಟ್ಟರೆ ಆಕಾಶವು ಮೋಡಗಳಿಲ್ಲದ ಬರಿಯ ಬಿಳುಪಾಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1856–57ರ ಸುಮಾರಿಗೆ ತೆಗೆದ ಸಮುದ್ರದ ಚಿತ್ರಗಳಲ್ಲಿ ಕೆಲವಕ್ಕೆ ನೀರಿಗೊಂದು, ಆಕಾಶಕ್ಕೊಂದು ಎಂದು ಎರಡು ನೆಗೆಟಿವ್‌ಗಳನ್ನು ಬಳಸಿ, ಎರಡನ್ನೂ ಒಂದೇ ಮುದ್ರಣದಲ್ಲಿ ಜೋಡಿಸಿದನು. ಇಂದಿನ ಕ್ಯಾಮೆರಾಗಳ ಎಚ್‌ಡಿಆರ್ ವಿಧಾನವೂ ಇದೇ ತತ್ತ್ವವನ್ನು ಅನುಸರಿಸುತ್ತದೆ.

1900ರಲ್ಲಿ ಕೊಡಾಕ್ ಸಂಸ್ಥೆ ಒಂದು ಡಾಲರ್ ಬೆಲೆಗೆ ತಂದ ಬ್ರೌನಿ ಕ್ಯಾಮೆರಾ ಛಾಯಾಗ್ರಹಣವನ್ನು ಜನಸಾಮಾನ್ಯರ ಕೈಗೆ ತಂದಿತು. 1966ರ ರೋಲೈ 35 ಮಾದರಿಯು 35 ಮಿ.ಮೀ. ಫಿಲ್ಮಿನ ಪೂರ್ಣ ಚೌಕಟ್ಟನ್ನು ಜೇಬಿನ ಗಾತ್ರದ ಪೆಟ್ಟಿಗೆಯೊಳಗೆ ಅಳವಡಿಸಿತು. ಡಿಜಿಟಲ್ ಯುಗದಲ್ಲಿ, 2012ರಲ್ಲಿ ಬಂದ ಸೋನಿ ಆರ್‌ಎಕ್ಸ್100 ಇಷ್ಟೇ ಚಿಕ್ಕ ಕ್ಯಾಮೆರಾದಲ್ಲಿ ಹಿಂದಿನ ಸಾಮಾನ್ಯ ಮಾದರಿಗಳಿಗಿಂತ ದೊಡ್ಡ ಸಂವೇದಕವನ್ನು ಒದಗಿಸಿತು.

ಕ್ಯಾಮೆರಾದ ಗುಣ ಮತ್ತು ಮಿತಿ

ಬೆಳಕನ್ನು ಗ್ರಹಿಸುವ ಭಾಗವನ್ನು ಸಂವೇದಕ ಅಥವಾ ಸೆನ್ಸರ್ ಎನ್ನುತ್ತಾರೆ. ಅನೇಕ ಸಾಮಾನ್ಯ ಕಾಂಪ್ಯಾಕ್ಟ್‌ಗಳಲ್ಲಿ ಇದರ ಅಳತೆ ಸುಮಾರು 6.2 × 4.6 ಮಿ.ಮೀ. ಮಾತ್ರ. ‘ಒಂದು ಇಂಚು’ ಎಂದು ಕರೆಯಲಾಗುವ ಸಂವೇದಕದ ನಿಜವಾದ ಅಳತೆ 13.2 × 8.8 ಮಿ.ಮೀ.; ಹೆಸರಿನಲ್ಲಿರುವ ಇಂಚು ಹಳೆಯ ಟಿ.ವಿ. ಕ್ಯಾಮೆರಾ ನಳಿಕೆಗಳ ಲೆಕ್ಕದಿಂದ ಉಳಿದುಬಂದದ್ದು. ಪೂರ್ಣ ಚೌಕಟ್ಟಿನ ಕ್ಯಾಮೆರಾದಲ್ಲಿ ಈ ಅಳತೆ 36 × 24 ಮಿ.ಮೀ. ಇರುತ್ತದೆ. ಅಂದರೆ ಸಾಮಾನ್ಯ ಕಾಂಪ್ಯಾಕ್ಟ್‌ನ ಸಂವೇದಕದ ವಿಸ್ತೀರ್ಣ ಅದರ ಸುಮಾರು ಮೂವತ್ತನೆಯ ಒಂದು ಭಾಗ. ಇದರಿಂದ ಮೂರು ಪರಿಣಾಮಗಳು ಉಂಟಾಗುತ್ತವೆ.

ಮೊದಲನೆಯದಾಗಿ, ತೀರ ಬೆಳಗಿದ ಭಾಗ ಮತ್ತು ತೀರ ಕತ್ತಲಾದ ಭಾಗಗಳೆರಡರಲ್ಲೂ ವಿವರಗಳನ್ನು ಉಳಿಸಿಕೊಳ್ಳುವ ಶಕ್ತಿ ಕಡಿಮೆಯಾಗುತ್ತದೆ. ಐಎಸ್‌ಒ ಪ್ರಮಾಣವನ್ನು ಏರಿಸಿದಂತೆ ನೆರಳಿನ ಭಾಗದಲ್ಲಿ ಕಾಳುಕಾಳಾದ ಕಲೆಗಳು ಹೆಚ್ಚುತ್ತವೆ. ಹಗಲಿನಲ್ಲಿ ಕ್ಯಾಮೆರಾ ನೀಡುವ ಕನಿಷ್ಠ ಐಎಸ್‌ಒ ಬಳಸುವುದು ಉತ್ತಮ.

ಎರಡನೆಯದಾಗಿ, ಬೆಳಕಿನ ರಂಧ್ರವನ್ನು ಬಹಳ ಕಿರಿದು ಮಾಡಿದರೆ ಬೆಳಕಿನ ವಿವರ್ತನೆಯಿಂದಾಗಿ ಚಿತ್ರದ ಚುರುಕು ಕುಂದುತ್ತದೆ. ದೊಡ್ಡ ಕ್ಯಾಮೆರಾದವರು ಭೂದೃಶ್ಯಕ್ಕೆ ಬಳಸುವ ಎಫ್/11 ಅಥವಾ ಎಫ್/16ರ ನಿಯಮ ಇಲ್ಲಿಗೆ ಹೊಂದುವುದಿಲ್ಲ. ಚಿಕ್ಕ ಸಂವೇದಕಕ್ಕೆ ಎಫ್/4ರ ಆಸುಪಾಸು ಸಾಕಾಗುತ್ತದೆ.

ಮೂರನೆಯದು ಅನುಕೂಲಕರವಾದ ಪರಿಣಾಮ. ಮಸೂರದ ನಿಜವಾದ ಸಂಗಮದೂರ ಕೆಲವೇ ಮಿಲಿಮೀಟರ್ ಇರುವುದರಿಂದ, ವಿಶಾಲ ಕೋನದಲ್ಲಿ ಸುಮಾರು ಒಂದು ಮೀಟರ್ ದೂರದ ಕಲ್ಲಿನಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟವಾಗಿ ಮೂಡಬಲ್ಲವು. ಕಾಲಬಳಿಯ ಚಿಪ್ಪು ಮತ್ತು ದೂರದ ಬಂಡೆ ಎರಡನ್ನೂ ಒಂದೇ ಚಿತ್ರದಲ್ಲಿ ತೋರಿಸಲು ಇದು ನೆರವಾಗುತ್ತದೆ.

ಬೆಳಕು ಮತ್ತು ದಿಕ್ಕು

ಬಂಡೆಗೋಡೆಯು ಯಾವ ದಿಕ್ಕಿಗೆ ಮುಖಮಾಡಿದೆ ಎಂಬುದನ್ನು ಮೊದಲು ತಿಳಿಯಬೇಕು. ಕೇರಳದ ವರ್ಕಲದಲ್ಲಿ ದಡದ ಉದ್ದಕ್ಕೂ ನಿಂತಿರುವ ಕೆಂಪು ಮುರಕಲ್ಲಿನ ಗೋಡೆ ಪಶ್ಚಿಮಕ್ಕೆ ಮುಖಮಾಡಿದೆ. ಬೆಳಿಗ್ಗೆ ಸೂರ್ಯನು ಗೋಡೆಯ ಹಿಂದಿರುವುದರಿಂದ ಅದರ ಮುಖ ನೆರಳಿನಲ್ಲಿರುತ್ತದೆ. ಅದರ ಪದರಗಳೂ ಬಣ್ಣವೂ ಇಳಿಹೊತ್ತಿನಲ್ಲಿ ಸ್ಪಷ್ಟವಾಗುತ್ತವೆ. ಇಂಗ್ಲೆಂಡಿನ ದಕ್ಷಿಣ ತೀರದ ಸೆವೆನ್ ಸಿಸ್ಟರ್ಸ್ ಎಂಬ ಬಿಳಿ ಸುಣ್ಣಕಲ್ಲಿನ ಸಾಲನ್ನು ಕಕ್‌ಮಿಯರ್ ನದಿಯ ಮುಖದ ಪಶ್ಚಿಮ ದಿಬ್ಬದಿಂದ ನೋಡುವವರಿಗೂ ಮಧ್ಯಾಹ್ನದ ನಂತರದ ಬೆಳಕೇ ಅನುಕೂಲ.

ಬೆಳಕು ಬದಿಯಿಂದ ಬಿದ್ದಾಗ ಕಲ್ಲಿನ ಬಿರುಕು, ಪದರ ಮತ್ತು ಉಬ್ಬುತಗ್ಗುಗಳು ಎದ್ದು ಕಾಣುತ್ತವೆ. ನಡುಹಗಲಿನಲ್ಲಿ ಮೇಲಿನಿಂದ ಬೀಳುವ ಬೆಳಕು ಗಾಢವಾದ ನೆರಳುಗಳನ್ನು ಉಂಟುಮಾಡಿ ಸಂವೇದಕದ ಮಿತಿಯನ್ನು ಮೀರುತ್ತದೆ. ತೆಳುಮೋಡದ ದಿನ ಬೆಳಕು ಹದವಾಗಿ ಹರಡುವುದರಿಂದ ಚಿಕ್ಕ ಕ್ಯಾಮೆರಾಕ್ಕೆ ಅನುಕೂಲವಾಗುತ್ತದೆ. ಫ್ರಾನ್ಸಿನ ಎತ್ರೆತಾದ ಬಂಡೆಗಳನ್ನು ಚಿತ್ರಕಾರ ಕ್ಲೋದ್ ಮೊನೆ 1880ರ ದಶಕದಲ್ಲಿ ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಹವೆಯಲ್ಲಿ ಮತ್ತೆ ಮತ್ತೆ ಬರೆದನು. ಒಂದೇ ಬಂಡೆ ಹೊತ್ತಿಗೊಂದು ರೂಪ ತಾಳುತ್ತದೆ ಎಂಬುದಕ್ಕೆ ಆ ಚಿತ್ರಗಳು ಉತ್ತಮ ನಿದರ್ಶನ.

ಬೆಳಕಿನ ಪ್ರಮಾಣ

ಕ್ಯಾಮೆರಾದ ಬೆಳಕಿನ ಮಾಪಕವು ಎದುರಿನ ದೃಶ್ಯವನ್ನು ಸರಾಸರಿ ಬೂದುಬಣ್ಣವೆಂದು ಭಾವಿಸಿ ಲೆಕ್ಕ ಹಾಕುತ್ತದೆ. ಹೀಗಾಗಿ ಚೌಕಟ್ಟಿನ ತುಂಬ ಬಿಳಿಯ ಸುಣ್ಣಕಲ್ಲಿದ್ದರೆ ಅದು ಮಾಸಿದಂತೆ ಕಾಣುತ್ತದೆ. ಚೌಕಟ್ಟಿನ ತುಂಬ ಕಪ್ಪು ಕಲ್ಲಿದ್ದರೆ ಅದು ಬೂದುಬಣ್ಣಕ್ಕೆ ತಿರುಗಿ, ನಡುವಿನ ನೊರೆ ಬರಿಯ ಬಿಳಿ ಮಚ್ಚೆಯಾಗುತ್ತದೆ. ಇದನ್ನು ಸರಿಪಡಿಸಲು ಕೂಡು ಮತ್ತು ಕಳೆ ಚಿಹ್ನೆಗಳಿರುವ ಎಕ್ಸ್‌ಪೋಷರ್ ಹೊಂದಾಣಿಕೆಯ ಗುಂಡಿಯಿದೆ. ಮೊದಲನೆಯ ಸಂದರ್ಭದಲ್ಲಿ ಕೂಡು ಕಡೆಗೆ, ಎರಡನೆಯದರಲ್ಲಿ ಕಳೆ ಕಡೆಗೆ ಸ್ವಲ್ಪ ಸರಿಸಬೇಕು.

ಪೂರ್ತಿ ಬಿಳುಪಾದ ಭಾಗದಲ್ಲಿ ಯಾವ ವಿವರವೂ ಉಳಿಯುವುದಿಲ್ಲವಾದ್ದರಿಂದ ಅದನ್ನು ಮುಂದೆ ಸರಿಪಡಿಸಲಾಗದು. ಕಪ್ಪಾದ ಭಾಗವನ್ನು ಒಂದು ಮಟ್ಟಿಗೆ ಬೆಳಗಿಸಬಹುದು. ಆದ್ದರಿಂದ ಸಂದೇಹವಿದ್ದಾಗ ಆಕಾಶ ಮತ್ತು ನೊರೆಯ ವಿವರಗಳನ್ನು ಕಾಪಾಡುವುದು ಜಾಣತನ. ಕ್ಯಾಮೆರಾದಲ್ಲಿ ರಾ ಕಡತದ ಸೌಲಭ್ಯವಿದ್ದರೆ ಇಂತಹ ತಿದ್ದುಪಡಿಗೆ ಹೆಚ್ಚು ಅವಕಾಶ ದೊರೆಯುತ್ತದೆ. ಎಚ್‌ಡಿಆರ್ ವಿಧಾನದಲ್ಲಿ ಹಲವು ಚಿತ್ರಗಳು ಒಂದಾಗುವಾಗ ಅಲೆಗಳು ಸ್ಥಳ ಬದಲಿಸಿರುವುದರಿಂದ ನೀರಿನ ಭಾಗ ಕಲಸಿದಂತೆ ಕಾಣಬಹುದು.

ಅಲೆಗಳ ಚಲನೆಯನ್ನು ಷಟರ್ ವೇಗ ನಿರ್ಧರಿಸುತ್ತದೆ. ಸೆಕೆಂಡಿನ 1/500 ಅಥವಾ ಅದಕ್ಕಿಂತ ಕಡಿಮೆ ಅವಧಿಯಲ್ಲಿ ಬಂಡೆಗೆ ಬಡಿದು ಚಿಮ್ಮುವ ಹನಿಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಅರ್ಧ ಸೆಕೆಂಡಿಗಿಂತ ದೀರ್ಘವಾದರೆ ನೀರು ನೂಲಿನಂತೆ ಹರಿದು ಕಾಣುತ್ತದೆ. ಎರಡನೆಯ ಬಗೆಗೆ ಮುಕ್ಕಾಲಿ ಬೇಕು. ಇಲ್ಲವೇ ಕ್ಯಾಮೆರಾವನ್ನು ಅಲುಗದ ಕಲ್ಲಿನ ಮೇಲಿಟ್ಟು, ಎರಡು ಸೆಕೆಂಡು ತಡೆದು ಚಿತ್ರ ತೆಗೆಯುವ ಟೈಮರ್ ಬಳಸಬಹುದು.

ಚೌಕಟ್ಟು ಮತ್ತು ಅಳತೆಯ ಭಾವ

ಎತ್ತರದ ಬಂಡೆ ಚಿತ್ರದಲ್ಲಿ ಗಿಡ್ಡವಾಗಿ ಕಾಣುವುದು ಹೊಸಬರ ಸಾಮಾನ್ಯ ಅನುಭವ. ವಿಶಾಲ ಕೋನದ ಮಸೂರವು ಹತ್ತಿರದ ವಸ್ತುವನ್ನು ಹಿಗ್ಗಿಸಿ ದೂರದ್ದನ್ನು ಕುಗ್ಗಿಸುವುದೇ ಇದಕ್ಕೆ ಕಾರಣ. ಹಿಂದೆ ದೂರದಲ್ಲಿ ನಿಂತು ಆಪ್ಟಿಕಲ್ ಜೂಮ್ ಬಳಸಿದರೆ ಬಂಡೆ ತನ್ನ ಗಾತ್ರವನ್ನು ಮರಳಿ ಪಡೆಯುತ್ತದೆ. ಡಿಜಿಟಲ್ ಜೂಮ್ ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವುದರಿಂದ ಅದರಿಂದ ಹೊಸ ವಿವರ ಸಿಗದು. ದಡದಲ್ಲಿ ನಡೆಯುವ ಒಬ್ಬ ವ್ಯಕ್ತಿ, ಒಂದು ದೋಣಿ ಅಥವಾ ದೀಪಸ್ತಂಭ ಚೌಕಟ್ಟಿನಲ್ಲಿದ್ದರೆ ನೋಡುಗರಿಗೆ ಎತ್ತರದ ಅಂದಾಜು ದೊರೆಯುತ್ತದೆ. ಉಡುಪಿ ಜಿಲ್ಲೆಯ ಕಾಪುವಿನಲ್ಲಿ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ಹೀಗೆ ಅಳತೆಗೋಲಾಗುತ್ತದೆ. ದಿಗಂತದ ಗೆರೆ ಓರೆಯಾದರೆ ಸಮುದ್ರವೇ ವಾಲಿದಂತೆ ತೋರುವುದರಿಂದ, ತೆರೆಯ ಮೇಲಿನ ಜಾಲರಿ ಗೆರೆಗಳನ್ನು ಆಧಾರವಾಗಿ ಬಳಸುವುದು ಒಳ್ಳೆಯದು.

ಉಬ್ಬರವಿಳಿತ

ಭಾರತದ ಪಶ್ಚಿಮ ಕರಾವಳಿಯಲ್ಲಿ ಸುಮಾರು 24 ಗಂಟೆ 50 ನಿಮಿಷಗಳ ಅವಧಿಯಲ್ಲಿ ಎರಡು ಉಬ್ಬರ, ಎರಡು ಇಳಿತಗಳಾಗುತ್ತವೆ. ಆದ್ದರಿಂದ ಇಂದು ಇಳಿತವಿದ್ದ ಸಮಯ ನಾಳೆ ಸರಾಸರಿ 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ ಮತ್ತು ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಬಂಡೆಯ ಬುಡ, ಗುಹೆ ಮತ್ತು ಕಲ್ಲಿನ ಹೊಂಡಗಳು ಇಳಿತದಲ್ಲಿ ಕಾಣುತ್ತವೆ. ಅಲೆಯ ಹೊಡೆತ ಉಬ್ಬರದಲ್ಲಿ ಪ್ರಬಲವಾಗಿರುತ್ತದೆ. ಮಲ್ಪೆಯ ಬಳಿಯ ಸೇಂಟ್ ಮೇರೀಸ್ ದ್ವೀಪದಲ್ಲಿ ಜ್ವಾಲಾಮುಖಿ ಶಿಲೆಯು ತಣಿಯುವಾಗ ಬಿರಿದು ಉಂಟಾದ ಬಹುಭುಜ ಸ್ತಂಭಗಳಿವೆ. ಕೆಳಗಿನ ಸ್ತಂಭಗಳ ಅಂಚುಗಳು ಇಳಿತದಲ್ಲಿ ಹೆಚ್ಚಾಗಿ ತೆರೆದುಕೊಳ್ಳುತ್ತವೆ. ಮಳೆಗಾಲದಲ್ಲಿ ಕಡಲು ಪ್ರಕ್ಷುಬ್ಧವಾಗಿರುವುದರಿಂದ ಅಲ್ಲಿಗೆ ದೋಣಿ ಸಂಚಾರ ಇರುವುದಿಲ್ಲ.

ಸುರಕ್ಷತೆ

ಬಂಡೆಗೋಡೆಯ ಅಂಚು ಮೇಲಿನಿಂದ ಗಟ್ಟಿಯಾಗಿ ಕಂಡರೂ ಕೆಳಗೆ ಟೊಳ್ಳಾಗಿರಬಹುದು. ಅಲೆಗಳು ಬುಡವನ್ನು ಕೊರೆಯುತ್ತವೆ. ಮಳೆನೀರು ಬಿರುಕುಗಳಲ್ಲಿ ಇಳಿದು ಪದರಗಳನ್ನು ಸಡಿಲಗೊಳಿಸುತ್ತದೆ. ವರ್ಕಲದಂತಹ ಕಡೆ ಮುರಕಲ್ಲಿನ ಅಡಿಯಲ್ಲಿ ಮೆತುವಾದ ಮರಳುಗಲ್ಲು ಮತ್ತು ಜೇಡಿಯ ಪದರಗಳಿವೆ. ಇಂತಹ ಅಂಚಿನಲ್ಲಿ ನಿಂತವರಿಗೆ ತಮ್ಮ ಕಾಲಡಿಯ ಸ್ಥಿತಿ ಕಾಣುವುದಿಲ್ಲ. ಪಕ್ಕದ ದಿಬ್ಬದಿಂದ ಬದಿನೋಟದಲ್ಲಿ ತೆಗೆದ ಚಿತ್ರ ಅಂಚಿನಿಂದ ಬಗ್ಗಿ ತೆಗೆದುದಕ್ಕಿಂತ ಬಂಡೆಯ ಆಕಾರವನ್ನು ಚೆನ್ನಾಗಿ ತೋರಿಸುತ್ತದೆ. ಅದು ಸುರಕ್ಷಿತವೂ ಹೌದು.

ತೆರೆಯನ್ನು ನೋಡುತ್ತಾ ಹಿಂದಕ್ಕೆ ಹೆಜ್ಜೆಯಿಡುವುದು, ಅಲೆಗೆ ಬೆನ್ನುಕೊಟ್ಟು ನಿಲ್ಲುವುದು, ಪಾಚಿ ಕಟ್ಟಿದ ಒದ್ದೆ ಬಂಡೆಯನ್ನೇರುವುದು ಮತ್ತು ಕಲ್ಲು ಉದುರುವ ಗೋಡೆಯ ಬುಡದಲ್ಲಿ ಕೂರುವುದು ಅಪಾಯಕರ. ಒಣಗಿದ ಬಂಡೆಗಳ ನಡುವೆ ಒದ್ದೆಯಾದ ಗುರುತು ಕಂಡರೆ, ಸ್ವಲ್ಪ ಹೊತ್ತಿಗೆ ಮುಂಚೆ ಅಲ್ಲಿಯವರೆಗೆ ಅಲೆ ಬಂದಿತ್ತೆಂದು ತಿಳಿಯಬೇಕು. ಸೆವೆನ್ ಸಿಸ್ಟರ್ಸ್‌ನ ಕೆಳಗಿನ ದಡದಂತಹ ಕಡೆಗಳಲ್ಲಿ ಉಬ್ಬರ ಏರಿದಾಗ ಮರಳುವ ದಾರಿಯೇ ಮುಚ್ಚಿಹೋಗುತ್ತದೆ.

ಕ್ಯಾಮೆರಾದ ರಕ್ಷಣೆ

ಕಡಲಗಾಳಿಯ ಉಪ್ಪು ಮಸೂರದ ಮೇಲೆ ತೆಳುವಾದ ಪೊರೆಯಾಗಿ ಕುಳಿತು ಚಿತ್ರವನ್ನು ಮಂಕಾಗಿಸುತ್ತದೆ. ಮುಂದಕ್ಕೆ ಚಾಚುವ ಮಸೂರದ ಸಂದಿಯಲ್ಲಿ ಮರಳು ಸೇರಿದರೆ ಅದು ಸಿಕ್ಕಿಕೊಳ್ಳುತ್ತದೆ. ಚಿತ್ರ ತೆಗೆಯದ ವೇಳೆ ಕ್ಯಾಮೆರಾವನ್ನು ಆರಿಸಿ ಚೀಲದಲ್ಲಿಡಬೇಕು. ಮರಳಿದ ಮೇಲೆ ಮೊದಲು ಮರಳನ್ನು ಊದಿ ತೆಗೆದು, ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಹೊರಮೈಯನ್ನು ಒರೆಸುವುದು ವಾಡಿಕೆ. ಮಸೂರಕ್ಕೆ ಅದರದೇ ಮೆದುಬಟ್ಟೆ ಬಳಸಬೇಕು.

ದಾಖಲೆಯ ಮೌಲ್ಯ

ಕಡಲತೀರದ ರೂಪಗಳು ಶಾಶ್ವತವಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ತೀರದಲ್ಲಿ ಲಂಡನ್ ಬ್ರಿಡ್ಜ್ ಎಂದು ಹೆಸರಾಗಿದ್ದ ಜೋಡಿ ಕಮಾನಿನ ಒಂದು ಭಾಗ 1990ರ ಜನವರಿ 15ರಂದು ಕುಸಿಯಿತು. ತುದಿಯಲ್ಲಿ ಸಿಕ್ಕಿಬಿದ್ದ ಇಬ್ಬರು ಪ್ರವಾಸಿಗರನ್ನು ಹೆಲಿಕಾಪ್ಟರ್ ಮೂಲಕ ಪಾರುಮಾಡಲಾಯಿತು. ಅದೇ ತೀರದ ಟ್ವೆಲ್ವ್ ಅಪಾಸಲ್ಸ್ ಸ್ತಂಭಗಳಲ್ಲೊಂದು 2005ರ ಜುಲೈ 3ರಂದು ಬಿದ್ದುಹೋಯಿತು. ಮಾಲ್ಟಾದ ಗೋಝೋ ದ್ವೀಪದ ಅಜೂರ್ ವಿಂಡೋ ಕಮಾನು 2017ರ ಮಾರ್ಚ್ 8ರಂದು ಬಿರುಗಾಳಿಯ ನಡುವೆ ಪೂರ್ತಿಯಾಗಿ ಕಡಲು ಸೇರಿತು. ಇವುಗಳ ಹಿಂದಿನ ರೂಪ ಇಂದು ಛಾಯಾಚಿತ್ರಗಳಲ್ಲಿ ಮಾತ್ರ ಉಳಿದಿದೆ. ಅವುಗಳಲ್ಲಿ ಹೆಚ್ಚಿನವು ಪ್ರವಾಸಿಗರು ತೆಗೆದವು.

ಒಂದೇ ಸ್ಥಳದಿಂದ, ಒಂದೇ ಕೋನದಲ್ಲಿ, ವರ್ಷಗಳ ಅಂತರದಲ್ಲಿ ಚಿತ್ರ ತೆಗೆಯುವ ಕ್ರಮವನ್ನು ಪುನರಾವರ್ತಿತ ಛಾಯಾಗ್ರಹಣ ಎನ್ನುತ್ತಾರೆ. ತೀರ ಎಷ್ಟು ಸವೆದಿದೆ, ಎಲ್ಲಿ ಬಿರುಕು ಹೆಚ್ಚಿದೆ ಎಂಬುದನ್ನು ಇದರಿಂದ ಹೋಲಿಸಿ ನೋಡಬಹುದು. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಕ್ಯಾಮೆರಾದ ಗಡಿಯಾರವನ್ನು ಸರಿಯಾಗಿ ಹೊಂದಿಸಿ, ಜೂಮ್ ಅನ್ನು ಪ್ರತಿಬಾರಿಯೂ ಒಂದೇ ಸ್ಥಾನದಲ್ಲಿಟ್ಟು, ನಿಂತ ಸ್ಥಳವನ್ನೂ ಉಬ್ಬರ ಅಥವಾ ಇಳಿತದ ಸ್ಥಿತಿಯನ್ನೂ ಬರೆದಿಟ್ಟುಕೊಂಡರೆ ಸಾಕು. ಯಾವಾಗಲೂ ಜೇಬಿನಲ್ಲಿರುವ ಚಿಕ್ಕ ಕ್ಯಾಮೆರಾ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ತೀರದ ಊರುಗಳ ಶಾಲೆಗಳಲ್ಲಿ ಭೂಗೋಳದ ಚಟುವಟಿಕೆಯಾಗಿಯೂ ಇದನ್ನು ಸುರಕ್ಷಿತ ಸ್ಥಳದಿಂದ ಕೈಗೊಳ್ಳಬಹುದು.