ಮನೆಯಲ್ಲೊಂದು ಚಿತ್ರಭಂಡಾರ

ಕೈಯಲ್ಲಿ ಮೊಬೈಲ್ ಇಲ್ಲದ ವಿದ್ಯಾರ್ಥಿಯನ್ನು ನಮ್ಮ ಕಾಲೇಜಿನಲ್ಲಿ ಕಾಣುವುದು ಇಂದು ದುರ್ಲಭ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ತೇರು ಹೊರಟ ಕೂಡಲೆ ಹಗ್ಗಕ್ಕೆ ಚಾಚುವ ಕೈಗಳಿಗಿಂತ ಮೊಬೈಲನ್ನು ಎತ್ತಿ ಹಿಡಿದ ಕೈಗಳೇ ಹೆಚ್ಚೇನೋ ಎಂದು ತೋರುತ್ತದೆ. ಹೀಗೆ ತೆಗೆದ ಚಿತ್ರಗಳು ಮುಂದೆ ಏನಾಗುತ್ತವೆ? ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಸಾಮಾನ್ಯವಾಗಿ ಅವು ಕೈಬಿಟ್ಟು ಹೋದಮೇಲೆಯೇ. ಅವುಗಳನ್ನು ಮನೆಯಲ್ಲಿ, ನಮ್ಮದೇ ಯಂತ್ರದಲ್ಲಿ, ಕಾಪಾಡಿ ಅಣಿಗೊಳಿಸುವ ಬಗೆಯನ್ನು ತಿಳಿದಮಟ್ಟಿಗೆ ನಿವೇದಿಸುವುದು ಈ ಲೇಖನದ ಉದ್ದೇಶ. ನಾನು ಈ ವಿಷಯದಲ್ಲಿ ತಜ್ಞನಲ್ಲ; ಒಮ್ಮೆ ಪೆಟ್ಟು ತಿಂದವನು, ಅಷ್ಟೆ.

2019ರ ಆಗಸ್ಟ್ ತಿಂಗಳಲ್ಲಿ ಕಬಿನಿ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಪ್ರದೇಶಗಳಿಗೆ ನುಗ್ಗಿದ್ದು ವಾಚಕರಿಗೆ ನೆನಪಿರಬಹುದು. ನಮ್ಮ ಮನೆಯೂ ಅಂಥ ತಗ್ಗಿನಲ್ಲಿದೆ. ಆಗ ನಾನು ಹೈಸ್ಕೂಲಿನಲ್ಲಿದ್ದೆ. ನಮ್ಮ ತಂದೆ ಜಾಗರೂಕರು. ಮೊಬೈಲಿನ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿ, ಅದರದೊಂದು ನಕಲನ್ನು ಹಾರ್ಡ್ ಡಿಸ್ಕಿನಲ್ಲಿಯೂ ಇಟ್ಟಿದ್ದರು. ಆದರೆ ಆ ಎರಡೂ ಇದ್ದದ್ದು ಒಂದೇ ಬೀರುವಿನ ಕೆಳಗಿನ ಅರೆಯಲ್ಲಿ. ಅಕ್ಕಿಯ ಮೂಟೆಯನ್ನೂ ಹಾಸಿಗೆಯನ್ನೂ ಅಟ್ಟಕ್ಕೇರಿಸಿ ನಾವು ಮನೆ ಬಿಟ್ಟೆವು. ಬೀರು ಯಾರ ನೆನಪಿಗೂ ಬರಲಿಲ್ಲ. ಹಿಂದಿನ ವರ್ಷ ತೀರಿಕೊಂಡಿದ್ದ ಅಜ್ಜಿಯ ಚಿತ್ರಗಳೆಲ್ಲ ಅದರಲ್ಲಿದ್ದವು. ಉಳಿದದ್ದು, ಎಂದೋ ವಾಟ್ಸ್‌ಆ್ಯಪಿನಲ್ಲಿ ತಿರುಮಕೂಡಲು ನರಸೀಪುರದ ಸೋದರತ್ತೆಗೆ ಕಳುಹಿಸಿದ್ದ ಹನ್ನೊಂದು ಚಿತ್ರಗಳು ಮಾತ್ರ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಅನಂತರ ನಾನು ಈ ವಿಷಯವನ್ನು ಅಭ್ಯಾಸಮಾಡತೊಡಗಿದೆ.

‘ಗೂಗಲ್ ಫೋಟೋಸ್ ಇದೆಯಲ್ಲ?’ ಎಂದು ಮಿತ್ರರು ಕೇಳುತ್ತಾರೆ. ನಿಜ. ಒಂದು ಪ್ರತಿ ಅಲ್ಲಿದ್ದಿದ್ದರೆ ನಮ್ಮ ಅಜ್ಜಿಯ ಚಿತ್ರಗಳು ಉಳಿಯುತ್ತಿದ್ದವು. ಆದರೆ ಅದು ಬಾಡಿಗೆಯ ಮನೆ, ಕರಾರು ಯಜಮಾನನದು. 2021ರ ಜೂನ್ 1ರಿಂದ ಅಲ್ಲಿ ಮಿತಿಯಿಲ್ಲದ ಉಚಿತ ಸ್ಥಳ ನಿಂತುಹೋಯಿತು. ಈಗ ಉಚಿತವಾಗಿ ದೊರೆಯುವುದು 15 ಜಿ.ಬಿ.; ಅದರಲ್ಲಿ ಅಂಚೆಗೂ ಪಾಲಿದೆ. ಚಿತ್ರವೊಂದಕ್ಕೆ 4 ಎಂ.ಬಿ. ಎಂದು ಹಿಡಿದರೆ ಸುಮಾರು 3,750 ಚಿತ್ರಗಳಿಗೆ ಅದು ತುಂಬುತ್ತದೆ. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಅಳಿಸುವ ಅಧಿಕಾರವನ್ನೂ ಕಂಪೆನಿ ಇಟ್ಟುಕೊಂಡಿದೆ. ತೀರಿಹೋದವರ ಖಾತೆಯನ್ನು ಬಳಸುವವರಾರು?

ಸ್ವಂತ ಭಂಡಾರಕ್ಕೆ ಬೇಕಾದದ್ದು ಹೆಚ್ಚೇನಿಲ್ಲ. ಮೂಲೆಗೆ ಬಿದ್ದ ಕಂಪ್ಯೂಟರೊಂದು, ಅದರಲ್ಲಿ 8 ಜಿ.ಬಿ. ರ‍್ಯಾಮ್ ಇದ್ದರೆ ಒಳ್ಳೆಯದು, ಒಂದು ಟೆರಾಬೈಟಿನ ಡಿಸ್ಕು, ಮನೆಯ ವೈಫೈ. ಮೇಲಿನ ಲೆಕ್ಕದಲ್ಲಿ ಆ ಡಿಸ್ಕಿಗೆ ಎರಡೂವರೆ ಲಕ್ಷ ಚಿತ್ರಗಳು ಹಿಡಿಯುತ್ತವೆ. ನಾನು ಲಿನಕ್ಸ್ ಹಾಕಿ, ಅದರ ಮೇಲೆ ‘ಇಮ್ಮಿಚ್’ ಎಂಬ ತಂತ್ರಾಂಶವನ್ನು ನಿಲ್ಲಿಸಿದೆ. 2022ರಲ್ಲಿ ಅಲೆಕ್ಸ್ ಟ್ರಾನ್ ಎಂಬವರು ಆರಂಭಿಸಿದ ಇದರ ಮೂಲಸಂಕೇತ ಎಲ್ಲರಿಗೂ ಮುಕ್ತವಾಗಿದೆ, ಹಣ ಕೊಡಬೇಕಾಗಿಲ್ಲ. ಮನೆಯವರ ಮೊಬೈಲುಗಳಲ್ಲಿ ಇದರ ಆ್ಯಪ್ ಹಾಕಿದರೆ, ಮನೆಯ ವೈಫೈ ಸಿಕ್ಕಾಗ ಹೊಸ ಚಿತ್ರಗಳು ತಾವಾಗಿಯೇ ಭಂಡಾರ ಸೇರುತ್ತವೆ. ಮುಖಗಳನ್ನು ಗುರುತಿಸಿ ಒಬ್ಬೊಬ್ಬರ ಚಿತ್ರಗಳನ್ನು ಒಂದೆಡೆ ಕೂಡಿಸುವ ಕೆಲಸವೂ ನಮ್ಮ ಯಂತ್ರದಲ್ಲಿಯೇ ನಡೆಯುತ್ತದೆ. ಚಿತ್ರ ಮನೆಯ ಹೊಸಲು ದಾಟುವುದಿಲ್ಲ.

ಇಲ್ಲಿ ಒಂದು ಭೇದವನ್ನು ತಿಳಿಯಬೇಕು. ‘ಸಿಂಕ್‌ಥಿಂಗ್’ ಎಂಬ ಮತ್ತೊಂದು ಸಾಧನವಿದೆ. ಅದು ಎರಡು ಯಂತ್ರಗಳ ಫೋಲ್ಡರುಗಳನ್ನು ಸದಾ ಒಂದೇ ಸಮನಾಗಿ ಇಡುತ್ತದೆ. ಅನುಕೂಲವೇ ಸರಿ, ಆದರೆ ಇಲ್ಲಿ ತಪ್ಪಿ ಅಳಿಸಿದ ಚಿತ್ರ ಅಲ್ಲಿಯೂ ಅಳಿಯುತ್ತದೆ. ಹಳೆಯ ಪ್ರತಿಗಳನ್ನು ಉಳಿಸುವ ಏರ್ಪಾಟನ್ನು ಅದರಲ್ಲಿ ನಾವೇ ಮಾಡಿಕೊಳ್ಳಬೇಕು. ಕನ್ನಡಿಯನ್ನು ಭಂಡಾರವೆಂದು ಭಾವಿಸಬಾರದು.

ಹಾಗಾದರೆ ಎಷ್ಟು ಪ್ರತಿಗಳಿರಬೇಕು? ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕರು ಪ್ರಚುರಪಡಿಸಿದ ಸೂತ್ರವೊಂದಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಸ್ಥಳದಲ್ಲಿ. ನಮ್ಮ ತಂದೆ ತಪ್ಪಿದ್ದು ಈ ಮೂರನೆಯದರಲ್ಲಿ. ಈಗ ನಮ್ಮಲ್ಲಿ ಎರಡು ಹೆಚ್ಚುವರಿ ಡಿಸ್ಕುಗಳಿವೆ. ತಿಂಗಳಿಗೊಮ್ಮೆ ಹೊಸ ಪ್ರತಿಯನ್ನು ನರಸೀಪುರದ ಅತ್ತೆಯ ಮನೆಗೆ ಒಯ್ದು, ಅಲ್ಲಿದ್ದ ಹಳೆಯದನ್ನು ತರುತ್ತೇನೆ. ಮೊದಲ ದಿನ ಅತ್ತೆ, “ಇದೇನೋ ಕರೀ ಡಬ್ಬಿ? ಕರೆಂಟು ಎಷ್ಟು ತಿನ್ನುತ್ತೋ?” ಎಂದರು. “ಇಲ್ಲ ಅತ್ತೆ, ಇಲ್ಲಿ ಸುಮ್ಮನೆ ಮಲಗಿರುತ್ತೆ” ಎಂದೆ. “ಹಾಗಾದರೆ ಮಹಡಿ ಮೇಲಿಡು. ನಿಮ್ಮೂರ ಹೊಳೆ ಕೊನೆಗೆ ಬರೋದು ನಮ್ಮೂರಿಗೇ” ಎಂದರು. ನಾನು ಯೋಚಿಸದಿದ್ದ ಮಾತು! ನಂಜನಗೂಡನ್ನು ಮುಟ್ಟಿದ ಕಪಿಲೆಯೇ ಅಲ್ಲಿ ಕಾವೇರಿಯನ್ನು ಕೂಡುವುದು. ಊರು ಬೇರೆಯಾದರೆ ಸಾಲದು, ಅಪಾಯವೂ ಬೇರೆಯಾಗಿರಬೇಕು.

ಇನ್ನು ಅಣಿಗೊಳಿಸುವ ವಿಚಾರ. ಮೊಬೈಲು ಚಿತ್ರ ತೆಗೆಯುವಾಗ ದಿನ, ವೇಳೆ, ಅನುಮತಿಯಿದ್ದರೆ ಸ್ಥಳವನ್ನೂ ಚಿತ್ರದೊಳಗೆ ಬರೆದಿಡುತ್ತದೆ. ವಾಟ್ಸ್‌ಆ್ಯಪಿನಲ್ಲಿ ಚಿತ್ರವಾಗಿ ಕಳುಹಿಸಿದಾಗ ಈ ಬರಹ ಅಳಿಯುತ್ತದೆ, ಗಾತ್ರವೂ ಕುಗ್ಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳುಹಿಸಿದರೆ ಉಳಿಯುತ್ತದೆ. ಅಜ್ಜಿಯ ಹನ್ನೊಂದು ಚಿತ್ರಗಳೂ ತೆಗೆದ ದಿನವನ್ನು ಕಳೆದುಕೊಂಡಿದ್ದವು. ಅತ್ತೆಯ ಪಕ್ಕದಲ್ಲಿ ಕುಳಿತು, ‘ಇದು ಯಾರ ಮದುವೆ? ಇದು ಯಾವ ಊರು?’ ಎಂದು ಕೇಳಿ ಕೇಳಿ ಬರೆದುಕೊಂಡೆ. ಫೋಲ್ಡರಿನ ಹೆಸರನ್ನು ವರ್ಷ, ತಿಂಗಳು, ಊರು, ಸಂದರ್ಭ ಎಂಬ ಕ್ರಮದಲ್ಲಿಟ್ಟರೆ ಅವು ತಾವಾಗಿ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ.

ಇತಿಹಾಸದ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಬಿ. ಎಲ್. ರೈಸರು 1894ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ನಮ್ಮ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳಿವೆ. ಪ್ರತಿಯೊಂದಕ್ಕೂ ತಾಲ್ಲೂಕು, ಗ್ರಾಮ, ಕ್ರಮಸಂಖ್ಯೆಗಳನ್ನು ಕೊಟ್ಟಿದ್ದಾರೆ. ಹೊಲದಂಚಿನ ಕಲ್ಲೊಂದು ಒಡೆದರೂ ಅದರ ಪಾಠ ಬೇರೆಡೆ ಉಳಿದಿದೆ. ಸಂಖ್ಯೆ ಹಿಡಿದು ಹುಡುಕಿದರೆ ಸಿಗುತ್ತದೆ. ನಕಲೂ ವಿಳಾಸವೂ ಎರಡೂ ಇದ್ದದ್ದರಿಂದ ಅದು ಸಾಧ್ಯವಾಯಿತು.

ಕೊನೆಯದಾಗಿ ಕೆಲವು ಎಚ್ಚರಿಕೆಗಳು. ಇಮ್ಮಿಚ್‌ನಲ್ಲಿ ಹೆಸರು, ಆಲ್ಬಮ್ ಮೊದಲಾದ ವಿವರಗಳು ಪ್ರತ್ಯೇಕ ದತ್ತಾಂಶಕೋಶದಲ್ಲಿರುತ್ತವೆ. ಚಿತ್ರಗಳೊಡನೆ ಅದರ ಪ್ರತಿಯನ್ನೂ ತೆಗೆಯಬೇಕು. ಕರೆಂಟು ಹಠಾತ್ತಾಗಿ ಹೋಗುವ ನಮ್ಮ ಊರುಗಳಲ್ಲಿ ಯು.ಪಿ.ಎಸ್. ಇಲ್ಲದೆ ಯಂತ್ರ ನಡೆಸಬಾರದು. ಹೊರಗಿನಿಂದ ನೋಡುವ ಆಸೆಗೆ ಯಂತ್ರವನ್ನು ಅಂತರಜಾಲಕ್ಕೆ ನೇರವಾಗಿ ತೆರೆದಿಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ವರ್ಷಕ್ಕೆರಡು ಬಾರಿಯಾದರೂ ಡಿಸ್ಕಿನಿಂದ ಹತ್ತಾರು ಚಿತ್ರಗಳನ್ನು ಮರಳಿ ತೆಗೆದು ನೋಡಬೇಕು. ಹಿಂದಿರುಗಿ ಬಾರದ ಪ್ರತಿ ಇದ್ದೂ ಇಲ್ಲದಂತೆ.

ಇದು ಶ್ರಮದ ಕೆಲಸ. ಕಂಪೆನಿ ಮಾಡುತ್ತಿದ್ದ ಕಾವಲನ್ನು ಇಲ್ಲಿ ನಾವೇ ಮಾಡಬೇಕು. ಅಷ್ಟು ಸಾಧ್ಯವಾಗದವರು ಒಂದು ಡಿಸ್ಕಿಗೆ ನಕಲು ಮಾಡಿ ಬೇರೆ ಊರಿನ ಬಂಧುಗಳ ಮನೆಯಲ್ಲಾದರೂ ಇಡಲಿ. ಮತ್ತು ಈ ರಜೆಯಲ್ಲಿ, ಮನೆಯ ಹಿರಿಯರ ಪಕ್ಕದಲ್ಲಿ ಕುಳಿತು ಚಿತ್ರದಲ್ಲಿರುವವರ ಹೆಸರುಗಳನ್ನು ಕೇಳಿ ಬರೆದುಕೊಳ್ಳಲಿ. ಅಜ್ಜಿಯ ಹನ್ನೊಂದು ಚಿತ್ರಗಳಲ್ಲಿ ಒಂದರಲ್ಲಿ ಅವರ ಪಕ್ಕ ನಿಂತ ಹೆಂಗಸು ಯಾರೆಂದು ಅತ್ತೆಗೂ ತಿಳಿಯದು. ಅಜ್ಜಿಯಿದ್ದಾಗ ನಾನು ಕೇಳಿರಲಿಲ್ಲ.